ಹಲಸಿನ ಮೇಣ ಮತ್ತು ಬಾಬರನ ಎಣ್ಣೆ

'ಹಸಿದು ಹಲಸು, ಉಂಡು ಮಾವು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಲಸನ್ನು ಹಸಿದ ಹೊಟ್ಟೆಗೆ ತಿನ್ನಬೇಕು, ಮಾವನ್ನು ಊಟದ ಮೇಲೆ ತಿನ್ನಬೇಕು ಎಂಬುದು ಅದರ ತಾತ್ಪರ್ಯ. ಆದರೆ ಈ ಗಾದೆ ತಿನ್ನುವವರ ಗಾದೆ. ಹಲಸಿನ ಹಣ್ಣನ್ನು ಕುಯ್ದು, ಮೇಣ ತೆಗೆದು, ತೊಳೆ ಬಿಡಿಸಿ, ತಟ್ಟೆಗೆ ಇಟ್ಟುಕೊಡುವವರ ವಿಷಯವನ್ನು ಅದು ಹೇಳುವುದಿಲ್ಲ. ಮೂವತ್ತಾರು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ, ನಮ್ಮ ಇತಿಹಾಸದ ಗ್ರಂಥಗಳೂ ಬಹುಮಟ್ಟಿಗೆ ಈ ಗಾದೆಯಂತೆಯೇ ಎಂದು ಈಚೆಗೆ ಅನ್ನಿಸುತ್ತಿದೆ. ಏಕೆ ಹಾಗೆನ್ನಿಸಿತು ಎಂಬುದನ್ನು ಹೇಳಲು ಈ ಲೇಖನ. ಇದರ ಕೊನೆಯಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಅಲ್ಲಿಯವರೆಗೂ ಓದಬೇಕು.

ನಮ್ಮ ಮನೆ ತೀರ್ಥಹಳ್ಳಿ ಸೀಮೆಯಲ್ಲಿತ್ತು. ಹಿತ್ತಿಲಲ್ಲಿ ನಾಲ್ಕು ಹಲಸಿನ ಮರಗಳಿದ್ದವು. ಎರಡು ಬಕ್ಕೆ, ಎರಡು ಬಿಳುವ. ಬಕ್ಕೆ ಎಂದರೆ ತೊಳೆ ಗಟ್ಟಿಯಾಗಿ, ಕಚ್ಚಿದರೆ ಸದ್ದು ಬರುವಂಥದು. ಬಿಳುವ ಎಂದರೆ ತೊಳೆ ಮೆತ್ತಗೆ, ನಾರುನಾರಾಗಿ, ನುಂಗಿದರೆ ಗಂಟಲಲ್ಲಿ ಜಾರುವಂಥದು. ಬಿಳುವ ಹಣ್ಣಿಗೆ ಕತ್ತಿಯೇ ಬೇಡ; ತೊಟ್ಟಿನ ಕಡೆಯಿಂದ ಕೈಯಲ್ಲೇ ಬಿಚ್ಚಬಹುದು. ಬಕ್ಕೆಯನ್ನು ಕುಯ್ಯುವುದೇ ಒಂದು ಕಾರ್ಯಕ್ರಮ.

ಅದರ ಕ್ರಮ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ದಿನವೇ ಕಿತ್ತು ತಂದ ಹಣ್ಣನ್ನು ಜಗಲಿಯ ಮೂಲೆಯಲ್ಲಿ ತೊಟ್ಟು ಕೆಳಗಾಗಿ ಒರಗಿಸಿ ಮೇಣ ಇಳಿಯಲು ಬಿಡುತ್ತಿದ್ದರು. ಮರುದಿನ ಹಳೆಯ ಗೋಣಿಯನ್ನೂ ಅದರ ಮೇಲೆ ಬಾಳೆಯೆಲೆಯನ್ನೂ ಹಾಸಿ, ಅಜ್ಜಿ ಮೆಟ್ಟುಗತ್ತಿಯ ಮಣೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ಪಕ್ಕದಲ್ಲಿ ತೆಂಗಿನ ಕರಟದಲ್ಲಿ ಕೊಬ್ಬರಿ ಎಣ್ಣೆ. ಮೊದಲು ಎರಡು ಅಂಗೈಗಳಿಗೆ, ಬೆರಳ ಸಂದುಗಳಿಗೆ, ಮೊಣಕೈಯವರೆಗೆ ಎಣ್ಣೆ. ಆಮೇಲೆ ಕತ್ತಿಯ ಅಲಗಿನ ಎರಡೂ ಮಗ್ಗುಲಿಗೆ ಎಣ್ಣೆ. ಹಣ್ಣನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಪ್ರತಿ ಹೋಳನ್ನೂ ಮತ್ತೆ ಎರಡಾಗಿ ಸೀಳುತ್ತಿದ್ದರು. ಬಿಳಿಯ ಮೇಣ ಹನಿಹನಿಯಾಗಿ ಉಕ್ಕುವುದನ್ನು ಒಣಹುಲ್ಲಿನ ಸಿಂಬಿಯಿಂದ ಒರೆಸುವುದು ಮಕ್ಕಳ ಕೆಲಸ. ಮೇಣವೆಲ್ಲ ಹೆಚ್ಚಾಗಿ ಇರುವುದು ನಡುವಿನ ದಿಂಡಿನಲ್ಲಿ. ಅದನ್ನು ಉದ್ದಕ್ಕೆ ಹೆರೆದು ತೆಗೆದರೆ ಅರ್ಧ ಕೆಲಸ ಮುಗಿದಂತೆ. ಅನಂತರ ಹೋಳನ್ನು ಹಿಂದಕ್ಕೆ ಬಗ್ಗಿಸಿದರೆ ತೊಳೆಗಳು ಒಂದೊಂದಾಗಿ ತಲೆಯೆತ್ತಿ ನಿಲ್ಲುತ್ತವೆ. ಅವುಗಳನ್ನು ನಾರಿನಿಂದ ಬಿಡಿಸಿ, ಬೀಜ ತೆಗೆದು, ಬೀಜಕ್ಕೆ ಅಂಟಿದ ತೆಳುಪೊರೆಯನ್ನೂ ತೆಗೆದರೆ ತಿನ್ನಲು ಸಿದ್ಧ.

ಎಣ್ಣೆ ಏಕೆ ಎಂದು ನಾನು ಕೇಳಿದಾಗ ಅಜ್ಜಿ, "ನೀರಿಗೆ ಬಗ್ಗದ್ದು ಎಣ್ಣೆಗೆ ಬಗ್ಗುತ್ತದೆ ಮಗಾ" ಎಂದಿದ್ದರು. ಅದೇ ಸರಿಯಾದ ಉತ್ತರ. ಹಲಸಿನ ಮೇಣ ರಾಳದಂಥ ವಸ್ತುಗಳಿಂದ ಕೂಡಿದ್ದು, ನೀರಿನಲ್ಲಿ ಕರಗುವುದಿಲ್ಲ. ನೀರು ಹಾಕಿ ಉಜ್ಜಿದಷ್ಟೂ ಅದು ಗಟ್ಟಿಯಾಗಿ ಕೈಗೆ ಅಂಟುತ್ತದೆ. ಎಣ್ಣೆಯಾದರೋ ಅದನ್ನು ಸಡಿಲಿಸುತ್ತದೆ. ಮೊದಲೇ ಹಚ್ಚಿದ್ದರೆ ಅಂಟಲು ಬಿಡುವುದೇ ಇಲ್ಲ.

ಇನ್ನೊಂದು ಮಾತು. ಹಲಸಿನ ಹಣ್ಣು ಒಂದು ಹಣ್ಣಲ್ಲ, ಹಣ್ಣುಗಳ ಸಮೂಹ. ಸಿಪ್ಪೆಯ ಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ಗುರುತು. ಫಲಗಟ್ಟಿದ ಹೂವು ತೊಳೆಯಾಗುತ್ತದೆ, ಫಲಗಟ್ಟದೆ ಉಳಿದದ್ದು ನಾರಾಗುತ್ತದೆ. ಆದ್ದರಿಂದ ನಾವು ಬೇಡವೆಂದು ದನಕ್ಕೆ ಹಾಕುವ ನಾರೂ ಒಂದು ಕಾಲಕ್ಕೆ ತೊಳೆಯಾಗಬಹುದಾಗಿದ್ದ ಹೂವೇ. ತರಗತಿಯ ಮಕ್ಕಳನ್ನು ನೆನೆದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಈಗ ಇತಿಹಾಸಕ್ಕೆ ಬರೋಣ.

ನಮ್ಮ ಹಿತ್ತಿಲಿನ ಹಣ್ಣುಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವು ಎಂದರೆ ಹಲವರು ನಂಬುವುದಿಲ್ಲ. ಪರಂಗಿ ಹಣ್ಣಿನ ಹೆಸರಿನಲ್ಲೇ ಪರಂಗಿಯವನಿದ್ದಾನೆ. ಪೇರಲೆಯ ಹೆಸರಿನಲ್ಲಿ ಪೋರ್ಚುಗೀಸರ 'ಪೆರಾ' ಅಡಗಿದೆ. ಅನಾನಸ್ ಎಂಬ ಹೆಸರು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಮಾತಿನಿಂದ ಬಂದದ್ದು. ಕೊಲಂಬಸನ ತಂಡ 1493ರಲ್ಲಿ, ಎರಡನೆಯ ಯಾನದ ಕಾಲಕ್ಕೆ, ಗ್ವಾಡಲೂಪ್ ದ್ವೀಪದಲ್ಲಿ ಅನಾನಸನ್ನು ಕಂಡಿತು. 1605ರಿಂದ 1627ರವರೆಗೆ ಆಳಿದ ಜಹಾಂಗೀರನು ಪರಂಗಿಯವರ ಬಂದರುಗಳಿಂದ ಬರುವ ಈ ಹಣ್ಣು ಆಗ್ರಾದ ತನ್ನ ತೋಟದಲ್ಲಿ ವರ್ಷಕ್ಕೆ ಸಾವಿರಾರು ಬೆಳೆಯುತ್ತದೆಂದು ತನ್ನ ಸ್ಮೃತಿಗ್ರಂಥದಲ್ಲಿ ಬರೆದಿದ್ದಾನೆ. ಗೇರು ಸಹ ಬ್ರೆಜಿಲ್ ದೇಶದ್ದು.

ಹಲಸು ಮಾತ್ರ ಇಲ್ಲಿಯದೇ. ಪಶ್ಚಿಮಘಟ್ಟದ ಮಳೆಕಾಡು ಅದರ ತವರೆಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಸಂಸ್ಕೃತದಲ್ಲಿ ಅದು ಪನಸ. ಹಳಗನ್ನಡದಲ್ಲಿ ಪಲಸು. ಪಾಲು ಹಾಲಾದಂತೆ, ಪೂ ಹೂವಾದಂತೆ ಪಲಸು ಹಲಸಾಯಿತು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಭಾರ್ಹುತ ಸ್ತೂಪದ ಶಿಲ್ಪಗಳಲ್ಲಿ ಮಾವಿನ ಜೊತೆಗೆ ಹಲಸೂ ಇದೆ. ಬೆಂಗಳೂರಿನ ಹಲಸೂರಿಗೆ ಹಲಸಿನ ತೋಪಿನಿಂದ ಆ ಹೆಸರು ಬಂದಿತೆಂಬ ಪ್ರತೀತಿಯೂ ಉಂಟು. ಮಲಯಾಳಿಗಳ 'ಚಕ್ಕ' ಪೋರ್ಚುಗೀಸರ ಬಾಯಲ್ಲಿ 'ಜಾಕ' ಆಗಿ, ಅಲ್ಲಿಂದ ಇಂಗ್ಲಿಷಿನ 'ಜ್ಯಾಕ್' ಆಯಿತು. ಪೋರ್ಚುಗೀಸರು ಅನಾನಸು, ಗೇರುಗಳನ್ನು ಇತ್ತ ತಂದಂತೆ ಹಲಸನ್ನು ಅತ್ತ ಬ್ರೆಜಿಲಿಗೆ ಒಯ್ದರು. ಅಲ್ಲಿ ಅದು ಇಂದಿಗೂ 'ಜಾಕ'ವೇ. ರಿಯೊ ನಗರದ ಸುತ್ತಲಿನ ಕಾಡಿನಲ್ಲಿ ಅದು ಎಷ್ಟು ಹಬ್ಬಿದೆಯೆಂದರೆ ಅಲ್ಲಿಯ ಮೂಲ ಸಸ್ಯಗಳಿಗೇ ತೊಡಕಾಗಿದೆ. ಜಮೈಕಾ ದ್ವೀಪಕ್ಕೆ ಹಲಸು ಹೋದದ್ದು 1782ರಲ್ಲಿ. ಇಂಗ್ಲಿಷ್ ನೌಕಾಪಡೆ ಸೆರೆಹಿಡಿದ ಫ್ರೆಂಚ್ ಹಡಗಿನಲ್ಲಿ ಅದರ ಸಸಿಗಳಿದ್ದವು.

ಹಲಸನ್ನು ಕಂಡು ಬರೆದಿಟ್ಟ ಪರದೇಶದವರಲ್ಲಿ ಮೂವರ ಮಾತು ನನಗೆ ಬಹಳ ಸ್ವಾರಸ್ಯವೆನಿಸಿದೆ.

ಮೊದಲನೆಯವನು ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್. ಇಂದಿನ ಉತ್ತರ ಬಂಗಾಳದ ಭಾಗವಾದ ಪುಂಡ್ರವರ್ಧನದಲ್ಲಿ ಅವನು ಪನಸದ ಹಣ್ಣನ್ನು ಕಂಡ. ಅದು ಕುಂಬಳಕಾಯಿಯಷ್ಟು ದೊಡ್ಡದು, ಮಾಗಿದಾಗ ಹಳದಿಗೆಂಪು, ಒಡೆದರೆ ಒಳಗೆ ಪಾರಿವಾಳದ ಮೊಟ್ಟೆಯಷ್ಟರ ಹತ್ತಾರು ಚಿಕ್ಕ ಹಣ್ಣುಗಳು, ಅವುಗಳೊಳಗೆ ರಸ ಎಂಬುದು ಅವನ ವರ್ಣನೆ. ಕೆಲವೊಮ್ಮೆ ಮರದ ಬುಡದಲ್ಲೂ ಹಣ್ಣು ಬಿಡುತ್ತದೆಂದು ಅವನು ಗಮನಿಸಿದ್ದಾನೆ. ಬೇರುಹಲಸನ್ನು ಕಂಡವರಿಗೆ ಇದು ಅಚ್ಚರಿಯಲ್ಲ.

ಎರಡನೆಯವನು ಮೊರಾಕೋ ದೇಶದ ಇಬ್ನ್ ಬತೂತ. 1333ರಲ್ಲಿ ಭಾರತಕ್ಕೆ ಬಂದ ಇವನು 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಅವನು ಹೇಳಿರುವುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. ಅವನ ಪ್ರವಾಸಕಥನದಲ್ಲಿ ಹಲಸಿಗೆ 'ಶಕಿ', 'ಬರ್ಕಿ' ಎಂದು ಎರಡು ಹೆಸರುಗಳಿವೆ. ಮೊದಲನೆಯದು 'ಚಕ್ಕ'. ಎರಡನೆಯದು ಮಲಯಾಳದ 'ವರಿಕ್ಕ', ನಮ್ಮ 'ಬಕ್ಕೆ'ಗಳ ನೆಂಟನೆಂದು ನನಗೆ ತೋರುತ್ತದೆ. (ಕೊಂಕಣದಲ್ಲಿ ಗಟ್ಟಿ ತೊಳೆಯದು 'ಕಾಪಾ', ಮೆತ್ತನೆಯದು 'ಬರ್ಕಾ'. ಘಟ್ಟ ಇಳಿದು ಬಡಗಲಿಗೆ ಹೋಗುವಷ್ಟರಲ್ಲಿ ಹೆಸರು ತಿರುವುಮುರುವಾಗಿಬಿಟ್ಟಿದೆ!) ಹಣ್ಣಿನ ಸಿಪ್ಪೆ ಎತ್ತಿನ ಚರ್ಮದಂತೆ, ಸೀಳಿದರೆ ಒಳಗೆ ನೂರಿನ್ನೂರು ತೊಳೆಗಳು, ಒಂದೊಂದರಲ್ಲೂ ಒಂದು ಬೀಜ, ಅದನ್ನು ಸುಟ್ಟರೆ ಅಥವಾ ಬೇಯಿಸಿದರೆ ಅವರೆಯ ಜಾತಿಯ ಕಾಳಿನ ರುಚಿ ಎನ್ನುತ್ತಾನೆ. ಮುಂದೆ ಅವನು ಹೇಳುವ ಮಾತನ್ನು ಓದಿ ನಾನು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತುಬಿಟ್ಟೆ. ಈ ಬೀಜಗಳನ್ನು ಕೆಂಪು ಮಣ್ಣಿನಲ್ಲಿ ಹುದುಗಿಸಿಟ್ಟರೆ ಮುಂದಿನ ವರ್ಷದವರೆಗೂ ಇರುತ್ತವೆ ಎಂಬುದೇ ಆ ಮಾತು. ನಮ್ಮ ಅಜ್ಜಿ ಮಾಡುತ್ತಿದ್ದುದೂ ಅದನ್ನೇ. ಬೀಜಗಳಿಗೆ ಕೆಮ್ಮಣ್ಣು ಸವರಿ, ನೆರಳಲ್ಲಿ ಒಣಗಿಸಿ, ಅಟ್ಟದ ಮೂಲೆಯಲ್ಲಿ ಮಣ್ಣಿನಡಿ ಹುದುಗಿಸುತ್ತಿದ್ದರು. ಆಷಾಢದ ಜಡಿಮಳೆಯಲ್ಲಿ ತರಕಾರಿಯೇ ಕಾಣದಾದಾಗ ಅವು ಸಾರಿಗೆ ಬೀಳುತ್ತಿದ್ದವು. ಓದು ಬರಹ ತಿಳಿಯದ ನಮ್ಮಜ್ಜಿಯ ಕೈಯಲ್ಲಿ ಆರುನೂರು ವರ್ಷಗಳ ಹಿಂದಿನ ಕೆಲಸ ಅಳಿಯದೆ ಉಳಿದಿತ್ತು.

ಮೂರನೆಯವನು ಬಾಬರ್. 1526ರ ಮೊದಲನೆಯ ಪಾಣಿಪತ್ ಕದನದಲ್ಲಿ ಇಬ್ರಾಹಿಂ ಲೋದಿಯನ್ನು ಸೋಲಿಸಿ ದೆಹಲಿಯನ್ನು ಹಿಡಿದವನು. ಅವನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಹಣ್ಣುಗಳ ಒಂದು ಪ್ರಕರಣವೇ ಇದೆ. ಖರಬೂಜ, ದ್ರಾಕ್ಷಿಗಳ ನಾಡಿನಿಂದ ಬಂದ ಅವನಿಗೆ ಹಲಸು ಸುತರಾಂ ಹಿಡಿಸಲಿಲ್ಲ. ನೋಡಲು ವಿಕಾರ, ಕುರಿಯ ಜಠರವನ್ನು ಒಳಹೊರಗು ಮಾಡಿದಂತಿದೆ, ರುಚಿಯೋ ಅತಿ ಸಿಹಿ ಎಂದು ಬೈದಿದ್ದಾನೆ. ಆದರೂ ಅವನ ಕಣ್ಣು ಚುರುಕು. ಈ ಹಣ್ಣಿನ ಅಂಟಿನ ಕಾರಣ ಬಾಯಿಗೆ ಎಣ್ಣೆ ಸವರಿಕೊಂಡು ತಿನ್ನುವವರಿದ್ದಾರೆ ಎಂದು ಬರೆದಿಟ್ಟ.

ಚಕ್ರವರ್ತಿಯ ಬಾಯಿಗೆ ಬಂದ ಎಣ್ಣೆ ದಾಖಲೆಯಾಯಿತು. ಆ ಹಣ್ಣನ್ನು ಅವನ ಮುಂದೆ ತಂದಿಡುವ ಮುಂಚೆ ಕುಯ್ದ ಕೈಗಳು ಯಾರವು, ಅವಕ್ಕೆ ಎಣ್ಣೆ ಸಿಕ್ಕಿತ್ತೇ ಎಂಬುದನ್ನು ಬರೆದವರಿಲ್ಲ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ವೈದ್ಯ ಗಾರ್ಸಿಯಾ ದ ಓರ್ತನ ಗ್ರಂಥದಲ್ಲಿ ಹಲಸಿನ ಪ್ರಸ್ತಾಪವಿದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಪ್ರಕಟವಾದ 'ಹೋರ್ತುಸ್ ಮಲಬಾರಿಕುಸ್' ಗ್ರಂಥದ ಮೂರನೆಯ ಸಂಪುಟದಲ್ಲಿ ಹಲಸಿನ ಮರದ ಚಿತ್ರಗಳಿವೆ. ಆ ಗ್ರಂಥವನ್ನು ಮಾಡಿಸಿದ ಡಚ್ ಅಧಿಕಾರಿ ವಾನ್ ರೀಡ್, ತನಗೆ ನೆರವಾದ ಇಟ್ಟಿ ಅಚ್ಚುದನ್ ಎಂಬ ಮಲಯಾಳಿ ವೈದ್ಯನ ಹೆಸರನ್ನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಹೆಸರನ್ನೂ ಅಚ್ಚು ಹಾಕಿಸಿದ. ಅದು ಅವನ ದೊಡ್ಡ ಗುಣ. ಆದರೂ ಮರ ಹತ್ತಿ ಹಣ್ಣು ಇಳಿಸಿದವನ ಹೆಸರು ಅಲ್ಲೂ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪೊಪ್ಪಿಗೆಗೆ ಬರಬೇಕು.

ಅದು 1984ರ ಜೂನ್ ತಿಂಗಳು. ನಾನು ಬಿ.ಎಡ್. ಮುಗಿಸಿ ಮಲೆನಾಡಿನ ಒಂದು ಪ್ರೌಢಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಹೊಸ ಮೇಷ್ಟರ ಬಿರುಸು ನನ್ನಲ್ಲಿ ಧಾರಾಳವಾಗಿತ್ತು. ಕೈಯಲ್ಲಿ ಬೆತ್ತವೂ ಇತ್ತು. ಒಂಬತ್ತನೆಯ ತರಗತಿಯಲ್ಲಿ ಪಾಣಿಪತ್ ಕದನದ ಪಾಠ ನಡೆದಿತ್ತು. ಟಿಪ್ಪಣಿ ಬರೆದದ್ದನ್ನು ತೋರಿಸಲು ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗನ ನೋಟುಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಹೋಗಿದ್ದವು. ಬಿಡಿಸಲು ಹೋದರೆ ಹರಿದವು. ಹಾಳೆಯ ಅಂಚಿನಲ್ಲೆಲ್ಲ ಕಪ್ಪಾದ ಹಲಸಿನ ಮೇಣ. ನನ್ನ ಬೆರಳಿಗೂ ಅದು ಅಂಟಿತು. ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. "ತಿಂದ ಮೇಲೆ ಕೈ ತೊಳೆಯುವುದೂ ಗೊತ್ತಿಲ್ಲವೇನೋ ಹೊಟ್ಟೆಬಾಕ?" ಎಂದು ಬೈದು, ಅದೇ ಅಂಗೈಗೆ ಎರಡು ಏಟು ಹಾಕಿದೆ. ಅವನು ಕೈ ಹಿಂದೆಗೆಯಲಿಲ್ಲ, ಒಂದು ಮಾತನ್ನೂ ಆಡಲಿಲ್ಲ.

ಸಂಜೆ ಶಾಲೆಯ ಜವಾನರು ಬೀಗ ಹಾಕುತ್ತಾ ನನ್ನ ಹತ್ತಿರ ಬಂದು, "ಸಾರ್, ಆ ಹುಡುಗ ಹಣ್ಣು ತಿಂದದ್ದಲ್ಲ ಸಾರ್, ಕುಯ್ದದ್ದು" ಎಂದರು. ಆಗ ವಿಷಯ ತಿಳಿಯಿತು. ಮಳೆಗಾಲಕ್ಕೆಂದು ಬಲಿತ ಹಲಸಿನಕಾಯಿಯ ತೊಳೆಗಳನ್ನು ಉಪ್ಪುನೀರಿಗೆ ಹಾಕಿಡುವ ಪದ್ಧತಿ ನಮ್ಮ ಕಡೆ ಇದೆಯಷ್ಟೆ. ಕಾಯಿಯಲ್ಲಿ ಹಣ್ಣಿಗಿಂತಲೂ ಹೆಚ್ಚು ಮೇಣ. ಆ ಹುಡುಗ, ಅವನ ತಾಯಿ ಇಬ್ಬರೂ ಬೆಳಗಿನ ಜಾವಕ್ಕೇ ಎದ್ದು ದೊಡ್ಡ ಮನೆಯೊಂದಕ್ಕೆ ಹೋಗಿ ಕಾಯಿ ಕುಯ್ದುಕೊಟ್ಟು, ಅವನು ಅಲ್ಲಿಂದಲೇ ಓಡಿ ಶಾಲೆಗೆ ಬರುತ್ತಿದ್ದ. ಕೂಲಿಯೆಂದರೆ ಒಂದಿಷ್ಟು ಬೀಜ, ದನಕ್ಕೆ ಸಿಪ್ಪೆ. ಎಣ್ಣೆ ಕತ್ತಿಗಷ್ಟೇ ಸಿಗುತ್ತಿತ್ತು. ಕೈಗೆ ಒಲೆಯ ಬೂದಿ. ಬೂದಿಯಿಂದ ಮೇಣ ಪೂರ್ತಿ ಬಿಡುವುದಿಲ್ಲ. ಆ ಕೈಯಲ್ಲೇ ಅವನು ಬಾಬರನ ವಿಷಯ ಬರೆದುಕೊಂಡಿದ್ದ.

ನಮ್ಮ ಅಜ್ಜಿಯ ಕರಟದ ಎಣ್ಣೆ ಆಗ ನನ್ನ ಕಣ್ಣ ಮುಂದೆ ಬಂತು. ಹಲಸು ಕುಯ್ಯುವುದೆಂದರೆ ನನಗೆ ಹಬ್ಬವಾಗಿತ್ತು. ಮುಳಕ, ಕಡುಬುಗಳ ಪರಿಮಳವಾಗಿತ್ತು. ಎಣ್ಣೆಯಿದ್ದ ಮನೆಯಲ್ಲಿ ಹುಟ್ಟಿದವನಿಗೆ ಎಣ್ಣೆಯಿಲ್ಲದ ಕೈ ಹೇಗಿರುತ್ತದೆಂಬುದು ತಿಳಿದಿರಲಿಲ್ಲ. ಮರುದಿನ ಅವನನ್ನು ಕರೆದು ಮಾತನಾಡಬೇಕೆಂದುಕೊಂಡೆ. ಆದರೆ ಮೇಷ್ಟರು ಹುಡುಗನ ಕ್ಷಮೆ ಕೇಳುವುದು ಹೇಗೆಂಬ ಸಂಕೋಚ ಅಡ್ಡ ಬಂತು. ಹೊಸ ನೋಟುಪುಸ್ತಕವೊಂದನ್ನು ತಂದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ, ಒಳ್ಳೆಯ ಸಮಯ ನೋಡಿ ಕೊಡೋಣವೆಂದು. ಶ್ರಾವಣದ ಹೊತ್ತಿಗೆ ಅವನು ಶಾಲೆ ಬಿಟ್ಟ. ಕುಟುಂಬ ಕಾಫಿತೋಟದ ಕೆಲಸಕ್ಕೆ ಹೊರಟುಹೋಯಿತೆಂದು ಸಹಪಾಠಿಗಳು ಹೇಳಿದರು. ನೋಟುಪುಸ್ತಕ ನನ್ನಲ್ಲೇ ಉಳಿಯಿತು.

ಬಾಬರನ ಆತ್ಮಕಥೆಯ ಇಂಗ್ಲಿಷ್ ಅನುವಾದವನ್ನು ನಾನು ಪೂರ್ತಿಯಾಗಿ ಓದಿದ್ದು ಇದಾಗಿ ಹದಿನೈದು ವರ್ಷಗಳ ಮೇಲೆ. ಎಣ್ಣೆಯ ಮಾತು ಬಂದಾಗ ಮುಂದಕ್ಕೆ ಓದಲಾಗಲಿಲ್ಲ. ಇಸವಿ, ಕದನ, ಗೆದ್ದವರು, ಸೋತವರು ಎಂದು ಹಲಗೆಯ ಮೇಲೆ ನಾನು ಬರೆದದ್ದೆಲ್ಲ ನಿಜ. ಆದರೆ ಅದೇ ಬಾಬರನ ಅದೇ ಪುಸ್ತಕದಲ್ಲಿ ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತಿದ್ದ ಒಂದು ಸಂಗತಿ ಇತ್ತು. ಅದನ್ನು ನಾನು ಅಂದು ಓದಿದ್ದರೆ, "ನೋಡ್ರೋ, ಬಾಬರನಿಗೆ ತಿಳಿದಿದ್ದ ವಿದ್ಯೆ ನಮ್ಮ ಹುಡುಗನಿಗೂ ತಿಳಿದಿದೆ" ಎಂದು ತರಗತಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಬೆತ್ತ ಹಿಡಿಯುವುದನ್ನು ಬಿಟ್ಟದ್ದಕ್ಕೆ ಏನು ಕಾರಣವೆಂದು ನಿಮ್ಮಲ್ಲಿ ಕೆಲವರು ಕೇಳಿದ್ದುಂಟು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕಾರಣ ಇದು.

ಈಗ ಕಾಲ ಬದಲಾಗಿದೆ. ಕೇರಳ ಸರ್ಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ನಮ್ಮ ತುಮಕೂರು ಜಿಲ್ಲೆಯ 'ಸಿದ್ದು' ಹಲಸಿಗೆ, ಅದರ ಕೆಂಪು ತೊಳೆಗೆ, ಬೇಡಿಕೆ ಬಂದಿದೆ. ಹಣ್ಣು ಚಿಕ್ಕದಾದ್ದರಿಂದ ಚಿಕ್ಕ ಕುಟುಂಬಕ್ಕೂ ಸಾಕು. ಪೇಟೆಯಲ್ಲಿ ಬಿಡಿಸಿದ ತೊಳೆಗಳು ಪೊಟ್ಟಣದಲ್ಲಿ ಸಿಗುತ್ತವೆ. ಊರಿನ ಮನೆಯ ಹಿತ್ತಿಲಲ್ಲಿ ಮಾತ್ರ ಹಣ್ಣುಗಳು ಬಿದ್ದು ಕೊಳೆಯುತ್ತಿವೆ. ಕುಯ್ಯುವವರಿಲ್ಲ ಎಂದು ನನ್ನ ತಮ್ಮ ಹೇಳುತ್ತಾನೆ. ಹದಿನೈದು ಕಿಲೋ ತೂಗುವ ಬಕ್ಕೆಯನ್ನು ಒಬ್ಬರೇ ಕುಯ್ದು ಒಬ್ಬರೇ ತಿನ್ನಲಾಗುವುದಿಲ್ಲ. ಕುಯ್ದ ಮೇಲೆ ಹಂಚಲೇಬೇಕು.

ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ ನಾನೇ ಗೋಣಿ ಹಾಸಿ ಕುಳಿತೆ. ಅಜ್ಜಿಯ ಮೆಟ್ಟುಗತ್ತಿ ಇನ್ನೂ ಇದೆ. ಪಕ್ಕದಲ್ಲಿ ಮೊಮ್ಮಗಳು ಕುಳಿತಳು. ಹೋಳು ಮಾಡುವಾಗ ನನ್ನ ಕೈ ನಡುಗಿದ್ದನ್ನು ಕಂಡು ಅವಳು, "ಅಜ್ಜ, ಕೊಡಿ, ನಾನು ಮಾಡ್ತೇನೆ" ಎಂದಳು. "ಮೊದಲು ಎಣ್ಣೆ ಹಚ್ಚಿಕೋ ಪುಟ್ಟಿ" ಎಂದೆ. ನಾರು ಬಿಡಿಸುವಾಗ ನಮಗೆ ಕೈಜೋಡಿಸಿದ ಆಳಿನ ಹೆಂಗಸಿಗೂ ಕರಟವನ್ನು ಸರಿಸಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಬೆರಳು ಅದ್ದಿದರು.

1984-85ರ ಆ ಒಂಬತ್ತನೆಯ ತರಗತಿಯವರು ನಿಮ್ಮಲ್ಲಿ ಕೆಲವರಿದ್ದೀರಿ. ಹಿಂದಿನ ಬೆಂಚಿನ ಆ ಹುಡುಗ ಯಾರೆಂದು ನಿಮಗೆ ತಿಳಿದಿರುತ್ತದೆ. ಹೆಸರನ್ನು ನಾನು ಇಲ್ಲಿ ಬರೆದಿಲ್ಲ, ನೀವೂ ಎಲ್ಲರೆದುರು ಹೇಳಬೇಡಿ. ಅವನು ಎಲ್ಲಿದ್ದಾನೆಂದು ಗೊತ್ತಿದ್ದರೆ ನನಗೊಬ್ಬನಿಗೆ ತಿಳಿಸಿ. ಈಗ ಅವನಿಗೂ ಐವತ್ತು ದಾಟಿರಬೇಕು, ಬಹುಶಃ ಮೊಮ್ಮಕ್ಕಳೂ ಇದ್ದಾರು. ಹೋಗಿ ಕಂಡು, ಅಂದು ಆಡದೆ ಉಳಿದ ಮಾತೊಂದನ್ನು ಆಡಿ ಬರಬೇಕಾಗಿದೆ.